ಒಂದು ಸಹಿಗೆ ಎಷ್ಟು ಬೆಲೆ? ಒಂದು ಒಪೆರಾ, ಎರಡು ಸಿನಿಮಾ, ಒಂದೇ ಕುರ್ಚಿ

ಕಳೆದ ಭಾನುವಾರ ಮನೆಯಲ್ಲಿ ಕೂತು ಮೂರು ಕಥೆ ನೋಡಿದೆ. ಬೆಳಗ್ಗೆ ಪುಚ್ಚೀನಿಯ ಒಪೆರಾ ‘ತೋಸ್ಕಾ’ದ ರೆಕಾರ್ಡಿಂಗ್. ಮಧ್ಯಾಹ್ನ ಊಟ ಆದಮೇಲೆ ‘ಕಾಸಾಬ್ಲಾಂಕಾ’. ರಾತ್ರಿ ಜರ್ಮನ್ ಸಿನಿಮಾ ‘ದ ಲೈವ್ಸ್ ಆಫ್ ಅದರ್ಸ್’. ಮೂರನ್ನೂ ಒಟ್ಟಿಗೆ ನೋಡಬೇಕು ಅಂತ ಯಾವ ಯೋಜನೆಯೂ ಇರಲಿಲ್ಲ. ಮೊದಲನೆಯದು ಗೆಳತಿಯೊಬ್ಬಳ ಒತ್ತಾಯ, ಎರಡನೆಯದು ಹಳೇ ಪ್ರೀತಿ, ಮೂರನೆಯದು ಬಹಳ ದಿನದಿಂದ ನೋಡಬೇಕು ಅಂದುಕೊಂಡು ಮುಂದಕ್ಕೆ ಹಾಕುತ್ತಾ ಬಂದಿದ್ದು.

ಆದರೆ ರಾತ್ರಿ ಲ್ಯಾಪ್‌ಟಾಪ್ ಮುಚ್ಚುವಾಗ ಅನ್ನಿಸಿತು, ಬೆಳಗ್ಗೆಯಿಂದ ನಾನು ನೋಡಿದ್ದು ಒಬ್ಬನೇ ಅಧಿಕಾರಿಯನ್ನು. ಅವನ ಹೆಸರು, ಭಾಷೆ, ಯೂನಿಫಾರ್ಮ್ ಬದಲಾಗುತ್ತಾ ಹೋಯಿತು. ಮೇಜಿನ ಈಚೆ ನಿಂತ ಹೆಣ್ಣಿಗೆ ಅವನು ಕೇಳಿದ ಬೆಲೆ ಮಾತ್ರ ಬದಲಾಗಲಿಲ್ಲ. ಇದು ಕಾಕತಾಳೀಯವೇ ಇರಬಹುದು. ಆದರೂ ಮೂರು ಬೇರೆ ಬೇರೆ ಕಾಲದ ಕಥೆಗಳು ಒಂದೇ ದೃಶ್ಯವನ್ನು ಹೇಳುತ್ತಿವೆ ಅಂದರೆ, ಆ ದೃಶ್ಯದ ಹಿಂದೆ ಏನು ಕೆಲಸ ಮಾಡುತ್ತಿದೆ ಅಂತ ಬಿಚ್ಚಿ ನೋಡಬೇಕಾಗುತ್ತೆ. (ಮೂರರ ಅಂತ್ಯವನ್ನೂ ಇಲ್ಲಿ ಹೇಳಿದ್ದೇನೆ, ಮೊದಲೇ ಗೊತ್ತಿರಲಿ.)

ರೋಮ್, 1800

‘ತೋಸ್ಕಾ’ ಮೊದಲು ರಂಗಕ್ಕೆ ಬಂದಿದ್ದು 1900ರ ಜನವರಿ 14ರಂದು, ರೋಮ್‌ನಲ್ಲಿ. ಕಥೆ ನಡೆಯುವುದು ಅದಕ್ಕೂ ನೂರು ವರ್ಷ ಹಿಂದೆ, 1800ರ ಜೂನ್‌ನಲ್ಲಿ. ರೋಮ್‌ನ ಗಣರಾಜ್ಯ ಬಿದ್ದುಹೋಗಿದೆ, ಅದರ ಬೆಂಬಲಿಗರು ಜೈಲಲ್ಲಿದ್ದಾರೆ. ತಪ್ಪಿಸಿಕೊಂಡು ಬಂದ ರಾಜಕೀಯ ಕೈದಿಯೊಬ್ಬನನ್ನು ಚಿತ್ರಕಲಾವಿದ ಕವರಡೋಸಿ ಬಚ್ಚಿಡುತ್ತಾನೆ. ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ ಅವನನ್ನು ಹಿಡಿದು, ಅವನ ಪ್ರೇಯಸಿ, ಗಾಯಕಿ ತೋಸ್ಕಾಗೆ ಕೇಳಿಸುವ ಹಾಗೆ ಪಕ್ಕದ ಕೋಣೆಯಲ್ಲಿ ಚಿತ್ರಹಿಂಸೆ ಕೊಡಿಸುತ್ತಾನೆ. ತಡೆಯಲಾಗದೆ ಅವಳು ಕೈದಿ ಅಡಗಿರುವ ಜಾಗ ಹೇಳಿಬಿಡುತ್ತಾಳೆ. ಆಮೇಲೆ ಬರುವುದು ನಿಜವಾದ ಬೇಡಿಕೆ: ನಿನ್ನವನು ಬದುಕಬೇಕಾದರೆ ನೀನು ನನ್ನವಳಾಗಬೇಕು.

ತೋಸ್ಕಾ ಒಪ್ಪುತ್ತಾಳೆ. ಊರು ಬಿಟ್ಟು ಹೋಗಲು ರಹದಾರಿ ಪತ್ರ ಬೇಕು ಅನ್ನುತ್ತಾಳೆ. ಸ್ಕಾರ್ಪಿಯಾ ಅದನ್ನು ಬರೆದುಕೊಡುತ್ತಿರುವಾಗ ಊಟದ ಮೇಜಿನ ಮೇಲಿದ್ದ ಚಾಕು ಅವಳ ಕಣ್ಣಿಗೆ ಬೀಳುತ್ತೆ. ಅದರಿಂದಲೇ ಅವನನ್ನು ಇರಿದು ಕೊಲ್ಲುತ್ತಾಳೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೂ ಮೊದಲಿನ ಒಂದು ಸಣ್ಣ ವಿವರ. ಕವರಡೋಸಿಗೆ ಸುಳ್ಳು ಗುಂಡಿನ ನಾಟಕ ಸಾಕು ಅಂತ ಸ್ಕಾರ್ಪಿಯಾ ತೋಸ್ಕಾ ಎದುರಲ್ಲೇ ತನ್ನ ಕೈಕೆಳಗಿನವನಿಗೆ ಆದೇಶ ಕೊಡುತ್ತಾನೆ. ಹಾಗೆ ಹೇಳುವಾಗ ಹಿಂದಿನ ಒಬ್ಬ ಕೈದಿಯ ಹೆಸರನ್ನು ಎತ್ತಿ, ಅವನಿಗೆ ಮಾಡಿದಂತೆಯೇ ಮಾಡು ಅನ್ನುತ್ತಾನೆ. ಕೈಕೆಳಗಿನವನಿಗೆ ತಕ್ಷಣ ಅರ್ಥವಾಗುತ್ತೆ: ಗುಂಡು ನಿಜವಾದದ್ದೇ ಇರಬೇಕು. ಅಂದರೆ ಇದು ಆ ರಾತ್ರಿ ಕಾಮ ಕೆರಳಿ ಮಾಡಿದ ಕೆಲಸ ಅಲ್ಲ, ಆ ಕಚೇರಿಯಲ್ಲಿ ಇದಕ್ಕೊಂದು ಪದ್ಧತಿಯೇ ಇತ್ತು. ಬೆಳಗಾಗುವಷ್ಟರಲ್ಲಿ ಕವರಡೋಸಿ ಸತ್ತು ಬಿದ್ದಿರುತ್ತಾನೆ, ತೋಸ್ಕಾ ಕೋಟೆಯ ಮೇಲಿಂದ ಹಾರುತ್ತಾಳೆ.

ಕಾಸಾಬ್ಲಾಂಕಾ, 1941

ಮಧ್ಯಾಹ್ನದ ಸಿನಿಮಾದಲ್ಲಿ ಅದೇ ಅಧಿಕಾರಿ ನಗಿಸುತ್ತಾನೆ. 1942ರ ‘ಕಾಸಾಬ್ಲಾಂಕಾ’ ಅಂದರೆ ಎಲ್ಲರಿಗೂ ನೆನಪಾಗುವುದು ರಿಕ್ ಮತ್ತು ಇಲ್ಸಾ. ಆದರೆ ಆ ಊರಿನ ಪೊಲೀಸ್ ಕ್ಯಾಪ್ಟನ್ ರೆನೋ ಮಾಡುತ್ತಿರುವ ವ್ಯಾಪಾರ ಏನು ಅಂತ ಒಮ್ಮೆ ನೋಡಿ. ನಾಜಿಗಳಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು ಅಲ್ಲಿಂದ ಲಿಸ್ಬನ್‌ಗೆ, ಅಲ್ಲಿಂದ ಅಮೆರಿಕಕ್ಕೆ ಹೋಗಬೇಕು. ಊರು ಬಿಡಲು ಎಕ್ಸಿಟ್ ವೀಸಾ ಬೇಕು, ಅದಕ್ಕೆ ರೆನೋನ ಸಹಿ ಬೇಕು. ದುಡ್ಡಿಲ್ಲದ ಚೆಂದದ ಹೆಂಗಸರಿಗೆ ಅವನ ದರ ಬೇರೆ.

ಬಲ್ಗೇರಿಯಾದಿಂದ ಬಂದ ಹೊಸದಾಗಿ ಮದುವೆಯಾದ ಹುಡುಗಿ ಆನ್ನಿನಾ, ರಿಕ್ ಬಳಿ ಬಂದು ಮೊದಲು ಕೇಳುವುದು ರೆನೋ ಕೊಟ್ಟ ಮಾತು ಉಳಿಸಿಕೊಳ್ಳುವವನಾ ಅಂತ. ತೋಸ್ಕಾ ಯಾರನ್ನಾದರೂ ಕೇಳಬೇಕಾಗಿದ್ದ ಪ್ರಶ್ನೆ ಇದೇ. ಇಂಥ ಕರಾರಿಗೆ ಕೋರ್ಟ್ ಇಲ್ಲ. ಬೆಲೆ ತೆತ್ತ ಮೇಲೂ ಅವನು ಸಹಿ ಹಾಕದಿದ್ದರೆ ದೂರು ಕೊಡಬೇಕಾಗಿದ್ದು ಯಾರಿಗೆ? ಊರಿನ ಪೊಲೀಸ್ ಮುಖ್ಯಸ್ಥ ಅವನೇ.

ರಿಕ್ ತನ್ನ ಕ್ಲಬ್ಬಿನ ರೂಲೆಟ್ ಆಟದಲ್ಲಿ ಮೋಸ ಮಾಡಿ ಆನ್ನಿನಾಳ ಗಂಡನನ್ನು ಗೆಲ್ಲಿಸುತ್ತಾನೆ. ವೀಸಾಗೆ ದುಡ್ಡು ಸಿಗುತ್ತೆ, ನಾವು ನಿಟ್ಟುಸಿರು ಬಿಡುತ್ತೇವೆ. ರೆನೋ ಕೋಪ ಮಾಡಿಕೊಳ್ಳೋದೂ ಇಲ್ಲ. ನಾಳೆ ಇನ್ನೊಬ್ಬಳು ಬರ್ತಾಳೆ, ಅವಳು ಸೋತರೆ ಸಾಕು ಅಂತ ತಮಾಷೆ ಮಾಡುತ್ತಾನೆ. ಅವನ ಬಾಗಿಲ ಮುಂದಿನ ಕ್ಯೂ ಹಾಗೇ ಇರುತ್ತೆ. ಹಾಲಿವುಡ್‌ನ ಅಂದಿನ ಸೆನ್ಸಾರ್ ಕಚೇರಿ ಈ ವ್ಯವಹಾರ ತೀರಾ ಬಹಿರಂಗವಾಯಿತು ಅಂತ ಆಕ್ಷೇಪಿಸಿದ್ದರಿಂದ ಸಂಭಾಷಣೆಯಲ್ಲಿ ಎಲ್ಲವೂ ಸೂಚನೆಯಾಗಿಯೇ ಉಳಿಯಿತು. ಪರಿಣಾಮ ಏನಾಯಿತು ಅಂದರೆ, ಕೊನೆಗೆ ರೆನೋ ರಿಕ್ ಜೊತೆ ಮಂಜಿನಲ್ಲಿ ನಡೆದು ಹೋಗುವಾಗ ನಮಗೆ ಅವನು ಇಷ್ಟವಾಗಿರುತ್ತಾನೆ. ನನಗೂ ಇಷ್ಟವಾಗಿದ್ದ. ಬೆಳಗ್ಗೆ ಸ್ಕಾರ್ಪಿಯಾನನ್ನು ನೋಡಿರದಿದ್ದರೆ ಈ ಸಲವೂ ಆಗುತ್ತಿದ್ದ.

ಪೂರ್ವ ಬರ್ಲಿನ್, 1984

ರಾತ್ರಿಯ ಸಿನಿಮಾ 2006ರದ್ದು. ಕಮ್ಯುನಿಸ್ಟ್ ಪೂರ್ವ ಜರ್ಮನಿಯ ಸಚಿವ ಹೆಂಪ್ಫ್‌ಗೆ ನಟಿ ಕ್ರಿಸ್ಟಾ-ಮರಿಯಾ ಮೇಲೆ ಕಣ್ಣು. ಅವಳ ಸಂಗಾತಿ, ನಾಟಕಕಾರ ಡ್ರೈಮನ್ ದಾರಿಯಿಂದ ಸರಿಯಬೇಕು. ಹಾಗಾಗಿ ಅವರ ಮನೆಗೆ ಗುಪ್ತ ಪೊಲೀಸ್ ಪಡೆ ‘ಸ್ಟಾಸಿ’ಯ ಮೈಕ್‌ಗಳು ಬರುತ್ತವೆ. ಅಲ್ಲಿನ ರಂಗಭೂಮಿ ಸರ್ಕಾರದ ಹಿಡಿತದಲ್ಲಿತ್ತು. ಸಚಿವ ಬೇಡ ಅಂದರೆ ಅವಳಿಗೆ ಹೋಗಲು ಇನ್ನೊಂದು ವೇದಿಕೆ ಇಲ್ಲ. ಅವನ ಬಳಿ ಹೋಗುವುದನ್ನು ನಿಲ್ಲಿಸಿದ ಮೇಲೆ ಅವಳ ಬಂಧನವಾಗುತ್ತೆ. ವಿಚಾರಣೆಯಲ್ಲಿ ಡ್ರೈಮನ್ ಬಚ್ಚಿಟ್ಟ ಟೈಪ್‌ರೈಟರ್ ಇರುವ ಜಾಗ ಹೇಳುತ್ತಾಳೆ. ಕೊನೆಗೆ ಲಾರಿಯೊಂದಕ್ಕೆ ಸಿಕ್ಕಿ ಸಾಯುತ್ತಾಳೆ. ಬರ್ಲಿನ್ ಗೋಡೆ ಬಿದ್ದ ಮೇಲೂ ಹೆಂಪ್ಫ್ ಆರಾಮಾಗಿ ನಾಟಕ ನೋಡಲು ಬರುತ್ತಾನೆ.

1989ರ ಹೊತ್ತಿಗೆ ಸ್ಟಾಸಿಯಲ್ಲಿ ಸುಮಾರು 91,000 ಪೂರ್ಣಾವಧಿ ಸಿಬ್ಬಂದಿ ಇದ್ದರು. ಎಲ್ಲವನ್ನೂ ಬರೆದಿಡುತ್ತಿದ್ದ ಸಂಸ್ಥೆ ಅದು. ಆದರೆ ಸಿನಿಮಾದಲ್ಲಿ ಸಚಿವನ ಕಾರು ಕಂಡಿತು ಅಂತ ವರದಿಯಾದಾಗ ಮೇಲಧಿಕಾರಿ ಅದನ್ನು ತೆಗೆಸುತ್ತಾನೆ. ದೊಡ್ಡ ನಾಯಕರನ್ನು ದಾಖಲಿಸುವಂತಿಲ್ಲ. ಇಂಜಿನಿಯರಿಂಗ್ ಓದಿದವರಿಗೆ ಇದು ಬೇಗ ಅರ್ಥವಾಗುತ್ತೆ: ಸಿಸ್ಟಮ್‌ನಲ್ಲಿ ಎಲ್ಲರ ಲಾಗ್ ಇದೆ, ಅಡ್ಮಿನ್ ಮಾಡಿದ್ದು ಮಾತ್ರ ಲಾಗ್ ಆಗಲ್ಲ.

ಒಂದು ಫಾರ್ಮುಲಾ

ಅರ್ಥಶಾಸ್ತ್ರಜ್ಞ ರಾಬರ್ಟ್ ಕ್ಲಿಟ್‌ಗಾರ್ಡ್ 1988ರ ಪುಸ್ತಕವೊಂದರಲ್ಲಿ ಭ್ರಷ್ಟಾಚಾರಕ್ಕೆ ಒಂದು ಸಮೀಕರಣ ಕೊಟ್ಟರು: ಏಕಸ್ವಾಮ್ಯ + ವಿವೇಚನಾಧಿಕಾರ − ಉತ್ತರದಾಯಿತ್ವ. ಅಂದರೆ, ನಿಮಗೆ ಬೇಕಾದ್ದು ಒಬ್ಬನ ಬಳಿ ಮಾತ್ರ ಇದೆ, ಕೊಡೋದು ಬಿಡೋದು ಅವನಿಷ್ಟ, ಯಾಕೆ ಅಂತ ಅವನನ್ನು ಕೇಳುವವರಿಲ್ಲ.

ಸ್ಕಾರ್ಪಿಯಾ, ರೆನೋ, ಹೆಂಪ್ಫ್ ಮೂವರಿಗೂ ಹಾಕಿ ನೋಡಿ, ಉತ್ತರ ಒಂದೇ. ಒಬ್ಬ ಕ್ರೂರಿ, ಒಬ್ಬ ರಸಿಕ, ಒಬ್ಬ ಪಕ್ಷದ ನಾಯಕ. ಸಮೀಕರಣಕ್ಕೆ ಅವರ ಸ್ವಭಾವ ಬೇಕಾಗಿಯೇ ಇಲ್ಲ. ಬದುಕಲು, ಊರು ಬಿಡಲು, ಕೆಲಸ ಮಾಡಲು ಒಬ್ಬನ ಅನುಮತಿ ಬೇಕು ಅಂತ ಆದ ದಿನವೇ ಆ ಅನುಮತಿ ಮಾರಾಟದ ಸರಕಾಗುತ್ತೆ. ಹಣ ಇದ್ದವರು ಹಣ ಕೊಡುತ್ತಾರೆ. ಇಲ್ಲದ ಹೆಣ್ಣಿನ ಬಳಿ ದೇಹವನ್ನು ಕೇಳಲಾಗುತ್ತೆ.

ತಪ್ಪು ಯಾರದು, ಪಾಪಪ್ರಜ್ಞೆ ಯಾರದು?

ಮೂರೂ ಕಥೆಗಳಲ್ಲಿ ಇನ್ನೊಂದು ವಿಷಯವೂ ಒಂದೇ ಥರ ಇದೆ. ತೋಸ್ಕಾ ಬಾಯಿಬಿಟ್ಟಳು ಅಂತ ಗೊತ್ತಾದಾಗ ಕವರಡೋಸಿ ಮೊದಲು ಸಿಟ್ಟಾಗುವುದು ಅವಳ ಮೇಲೆ. ಆನ್ನಿನಾಗೆ ಗಂಡನಿಗೆ ತಿಳಿದರೆ ಏನು ಗತಿ ಅನ್ನುವ ಭಯ. ಪೊಲೀಸರು ಟೈಪ್‌ರೈಟರ್ ಇಟ್ಟ ಹೊಸ್ತಿಲ ಬಳಿ ಬಗ್ಗಿದಾಗ ಡ್ರೈಮನ್ ನೋಡುವುದು ಕ್ರಿಸ್ಟಾ-ಮರಿಯಾಳ ಮುಖವನ್ನು. ಆ ನೋಟ ತಾಳದೆ ಅವಳು ಬೀದಿಗೆ ಓಡುತ್ತಾಳೆ. ಬೇಡಿಕೆ ಇಟ್ಟವನು ಅಧಿಕಾರಿ, ನಾಚಿಕೆ ಹೊತ್ತವಳು ಹೆಣ್ಣು.

ಇದು ಹಳೇ ಯುರೋಪಿನ ಕಥೆ ಅಂತ ಬಿಟ್ಟುಬಿಡೋಣ ಅಂದರೆ ನಮ್ಮ ಕಾನೂನು ಬಿಡುವುದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಅಂದರೆ ಹಣ ಮಾತ್ರ ಅಲ್ಲ, ಅದು ಸ್ಪಷ್ಟವಾಗಿದೆ. ಅಧಿಕಾರ ಬಳಸಿ, ತನ್ನ ಸುಪರ್ದಿಯಲ್ಲಿರುವ ಹೆಣ್ಣನ್ನು ಲೈಂಗಿಕ ಸಂಪರ್ಕಕ್ಕೆ ಒಪ್ಪಿಸುವವನಿಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 68ರಲ್ಲಿ 5ರಿಂದ 10 ವರ್ಷ ಶಿಕ್ಷೆಯೂ ಇದೆ. ಆದರೆ 2018ರ ತಿದ್ದುಪಡಿಯಾದ ಮೇಲೆ ಭ್ರಷ್ಟಾಚಾರ ತಡೆ ಕಾಯ್ದೆಯ ಸೆಕ್ಷನ್ 8 ಪ್ರಕಾರ ಲಂಚ ಕೊಟ್ಟವರೂ ಅಪರಾಧಿಗಳು. ಬಲವಂತಕ್ಕೆ ಕೊಟ್ಟವರಿಗೆ ವಿನಾಯಿತಿ ಇದೆ, ಅದಕ್ಕೊಂದು ಷರತ್ತೂ ಇದೆ: ಕೊಟ್ಟ 7 ದಿನದೊಳಗೆ ದೂರು ಕೊಡಬೇಕು.

ಐದು ಸಾವಿರ ರೂಪಾಯಿ ಕೊಟ್ಟವನಿಗೆ ಏಳು ದಿನ ಸಾಕಾಗಬಹುದು. ಆನ್ನಿನಾ ಥರದ ಹುಡುಗಿಗೆ? ಅವಳು ಮೊದಲು ಗಂಡನಿಗೆ ಹೇಳಬೇಕು, ಆಮೇಲೆ ಅದೇ ಇಲಾಖೆಯ ಇನ್ನೊಂದು ಮೇಜಿಗೆ ಹೋಗಿ ಹೇಳಬೇಕು. ಕಾಯ್ದೆಯನ್ನು ಅಕ್ಷರಶಃ ಓದಿದರೆ ಎಂಟನೇ ದಿನ ಅವಳೇ ಕಟಕಟೆಗೆ ಬರುವ ಅಪಾಯವಿದೆ. ಲೈಂಗಿಕ ಲಂಚದ ಸಂತ್ರಸ್ತರನ್ನೇ ಲಂಚ ಕೊಟ್ಟವರು ಅಂತ ನೋಡುವ ಈ ಅಪಾಯದ ಬಗ್ಗೆ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ 2020ರ ವರದಿಯಲ್ಲೇ ಎಚ್ಚರಿಸಿತ್ತು. ಬೇಡಿಕೆ ಲೈಂಗಿಕವಾಗಿದ್ದಾಗ ಈ ಏಳು ದಿನದ ಗಡುವನ್ನು ತೆಗೆಯಬೇಕು ಅಂತ ಕೇಳುವುದು ದೊಡ್ಡ ಕ್ರಾಂತಿಯೇನಲ್ಲ, ಒಂದು ಸಾಲಿನ ತಿದ್ದುಪಡಿ.

ಮುಂದಿನ ಸಲ ಇಂಥ ಸುದ್ದಿ ಟಿವಿಯಲ್ಲಿ ಬಂದಾಗ, ಅವಳು ಅಲ್ಲಿಗೆ ಯಾಕೆ ಹೋದಳು, ಇಷ್ಟು ದಿನ ಯಾಕೆ ಸುಮ್ಮನಿದ್ದಳು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ನಾವು ತಿರುಗಿ ಕೇಳಬೇಕಾದ್ದು ಇಷ್ಟು: ಆ ಸಹಿ ಒಬ್ಬನ ಕೈಯಲ್ಲೇ ಯಾಕಿತ್ತು? ಅವನು ಆಗಲ್ಲ ಅಂದಿದ್ದರೆ ಅವಳು ಹೋಗಬಹುದಾಗಿದ್ದ ಇನ್ನೊಂದು ಬಾಗಿಲು ಯಾವುದು?