ಹಾರಾಟ ಕಲಿಯಲು ಪರದೆಯೋ, ಹೆಡ್‌ಸೆಟ್ಟೋ?

ಕಣ್ಣಿನ ವೈದ್ಯರ ಕೊಠಡಿಯಲ್ಲಿ ತೂಗುಹಾಕಿರುವ ಅಕ್ಷರಗಳ ಫಲಕವನ್ನು ನೀವು ಓದಿಯೇ ಇರುತ್ತೀರಿ. ಸಾಮಾನ್ಯ ದೃಷ್ಟಿಯವರು 15 ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು ಓದಲು ಒಬ್ಬರು 6 ಮೀಟರಿನಷ್ಟು ಹತ್ತಿರ ಬರಬೇಕಾದರೆ ಅವರ ದೃಷ್ಟಿ 6/15. ವಾಣಿಜ್ಯ ವಿಮಾನದ ಪೈಲಟ್ ಆಗಬೇಕಾದರೆ ಒಂದೊಂದು ಕಣ್ಣಿಗೂ ಕನಿಷ್ಠ 6/9, ಎರಡೂ ಕಣ್ಣು ಸೇರಿ 6/6 ದೃಷ್ಟಿ ಇರಬೇಕು, ಕನ್ನಡಕ ಧರಿಸಿದರೂ ಸರಿ. ಇದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡ. ಎಂದರೆ 6/15 ದೃಷ್ಟಿಯವರು ವೈದ್ಯಕೀಯ ಪರೀಕ್ಷೆಯಲ್ಲೇ ಹೊರಗುಳಿಯುತ್ತಾರೆ.

ಈಗೊಂದು ಸೋಜಿಗ ನೋಡಿ. 6/6 ದೃಷ್ಟಿಯ ವಿದ್ಯಾರ್ಥಿಯೊಬ್ಬ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಧರಿಸಿ ಕಂಪ್ಯೂಟರಿನಲ್ಲಿ ಅಣಕು ವಿಮಾನ ಹಾರಿಸಲು ಕುಳಿತನೆನ್ನಿ. ಆ ಕ್ಷಣದಿಂದ ಅವನ ದೃಷ್ಟಿ ಸುಮಾರು 6/15! ಅವನ ಕಣ್ಣಿನಲ್ಲಿ ದೋಷವಿಲ್ಲ. ಅದರ ಮುಂದಿರುವ ಪಿಕ್ಸೆಲ್‌ಗಳ ಮಿತಿ ಅದು. ಹಾಗಾದರೆ ಸ್ಪಷ್ಟವಾದ ದೊಡ್ಡ ಮಾನಿಟರ್ ಒಳ್ಳೆಯದೇ? ಉತ್ತರ ಅಷ್ಟು ಸರಳವಲ್ಲ. ಅದನ್ನು ಹುಡುಕಲು ನಮಗೆ ಬೇಕಾದದ್ದು ಪ್ರೌಢಶಾಲೆಯ ತ್ರಿಕೋನಮಿತಿ ಮಾತ್ರ.

ಎಣಿಸಬೇಕಾದದ್ದು ಏನನ್ನು?

ಜಾಹೀರಾತುಗಳು ಪಿಕ್ಸೆಲ್‌ಗಳ ಒಟ್ಟು ಸಂಖ್ಯೆಯನ್ನು ಹೇಳುತ್ತವೆ. ಕಣ್ಣಿಗೆ ಬೇಕಾದ ಲೆಕ್ಕ ಬೇರೆ: ಒಂದು ಡಿಗ್ರಿ ಕೋನದೊಳಗೆ ಎಷ್ಟು ಪಿಕ್ಸೆಲ್‌ಗಳಿವೆ? ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗಕ್ಕೆ ಕೋನೀಯ ಮಿನಿಟು ಎನ್ನುತ್ತೇವೆ. 6/6 ದೃಷ್ಟಿಯ ಕಣ್ಣು ಒಂದು ಮಿನಿಟು ಅಂತರದಲ್ಲಿರುವ ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಇದೇ ಅದರ ಪೃಥಕ್ಕರಣ ಸಾಮರ್ಥ್ಯ. ಆದ್ದರಿಂದ ಡಿಗ್ರಿಗೆ 60 ಪಿಕ್ಸೆಲ್ ಇದ್ದರೆ ಚಿತ್ರ ಕಣ್ಣಿಗೆ ಸಾಟಿಯಾಗುತ್ತದೆ.

27 ಇಂಚಿನ 4ಕೆ ಮಾನಿಟರಿನ ಅಗಲ ಸುಮಾರು 60 ಸೆಂಟಿಮೀಟರ್. ಅಡ್ಡಸಾಲಿನಲ್ಲಿ 3840 ಪಿಕ್ಸೆಲ್‌ಗಳು. 70 ಸೆಂಟಿಮೀಟರ್ ದೂರ ಕುಳಿತರೆ ಅದು ನಿಮ್ಮ ಕಣ್ಣಿನಲ್ಲಿ ರಚಿಸುವ ಕೋನ ಸುಮಾರು 46 ಡಿಗ್ರಿ. ಪರದೆಯ ನಡುವೆ ಡಿಗ್ರಿಗೆ 78 ಪಿಕ್ಸೆಲ್ ಸಿಗುತ್ತವೆ. ಇದು ಕಣ್ಣಿಗೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ.

2023ರಲ್ಲಿ ಬಂದ ಮೆಟಾ ಕ್ವೆಸ್ಟ್ 3 ಹೆಡ್‌ಸೆಟ್ಟಿನಲ್ಲಿ ಪ್ರತಿ ಕಣ್ಣಿಗೆ 2064 x 2208 ಪಿಕ್ಸೆಲ್‌ಗಳಿವೆ. ಆದರೆ ಅವು ಅಡ್ಡಲಾಗಿ ಸುಮಾರು 110 ಡಿಗ್ರಿಗಳಷ್ಟು ಹರಡಿಕೊಂಡಿವೆ. ಡಿಗ್ರಿಗೆ ಸಿಗುವುದು ಸುಮಾರು 25. ಎಂದರೆ ಒಂದು ಪಿಕ್ಸೆಲ್ 2.4 ಮಿನಿಟುಗಳನ್ನು ಆಕ್ರಮಿಸುತ್ತದೆ. ಮೇಲೆ ಹೇಳಿದ 6/15 ಬಂದದ್ದು ಇಲ್ಲಿಂದ. 2016ರ ಆಕ್ಯುಲಸ್ ರಿಫ್ಟ್‌ನಲ್ಲಿ ಇದು ಡಿಗ್ರಿಗೆ 12ರ ಆಸುಪಾಸಿನಲ್ಲಿತ್ತು. ದೃಷ್ಟಿಯ ಲೆಕ್ಕದಲ್ಲಿ 6/30. ಒಂದು ಬಟ್ಟಲು ಬೆಣ್ಣೆಯನ್ನು ಒಂದು ರೊಟ್ಟಿಗೆ ಸವರಬಹುದು, ನಾಲ್ಕು ರೊಟ್ಟಿಗೂ ಸವರಬಹುದು. ಹರಡಿದಷ್ಟೂ ತೆಳುವಾಗುತ್ತದೆ.

ದೂರದ ವಿಮಾನ

ಇದರ ಪರಿಣಾಮವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ತರಬೇತಿಗೆ ವ್ಯಾಪಕವಾಗಿ ಬಳಸುವ ಸೆಸ್ನಾ 172 ವಿಮಾನದ ರೆಕ್ಕೆಗಳು ತುದಿಯಿಂದ ತುದಿಗೆ 11 ಮೀಟರ್. ಅದು 5 ಕಿಲೋಮೀಟರ್ ದೂರದಲ್ಲಿ ನಿಮ್ಮೆದುರಿಗೇ ಬರುತ್ತಿದೆ. ರೆಕ್ಕೆಗಳು ರಚಿಸುವ ಕೋನ 11/5000 ರೇಡಿಯನ್, ಅಂದರೆ ಸುಮಾರು 7.6 ಮಿನಿಟು. ನಮ್ಮ ಮಾನಿಟರಿನಲ್ಲಿ ಇದು ಹತ್ತು ಪಿಕ್ಸೆಲ್ ಅಗಲದ ಗೆರೆ, ಹೆಡ್‌ಸೆಟ್ಟಿನಲ್ಲಿ ಮೂರು. ಸುಮಾರು ಒಂದು ಮೀಟರ್ ಅಗಲದ ಒಡಲಂತೂ ಹೆಡ್‌ಸೆಟ್ಟಿನಲ್ಲಿ ಪಿಕ್ಸೆಲ್ಲಿನ ಮೂರನೆಯ ಒಂದು ಭಾಗ ಮಾತ್ರ. ಎರಡೂ ವಿಮಾನಗಳು ಸೆಕೆಂಡಿಗೆ 50 ಮೀಟರ್ ವೇಗದಲ್ಲಿದ್ದರೆ ಅವು ಸಂಧಿಸಲು ಉಳಿದಿರುವುದು 50 ಸೆಕೆಂಡು. ಎದುರಿನ ವಿಮಾನವನ್ನು ಕಣ್ಣಿನಿಂದ ಪತ್ತೆಹಚ್ಚುವ ಅಭ್ಯಾಸಕ್ಕೆ ಯಾವುದು ತಕ್ಕದ್ದೆಂಬುದು ಸ್ಪಷ್ಟ.

ಉಪಕರಣಗಳ ಓದಿಗೂ ಇದೇ ಲೆಕ್ಕ. 70 ಸೆಂಟಿಮೀಟರ್ ದೂರದ ಫಲಕದಲ್ಲಿ 3 ಮಿಲಿಮೀಟರ್ ಎತ್ತರದ ಅಂಕಿ ಹೆಡ್‌ಸೆಟ್ಟಿನಲ್ಲಿ ಆರು ಪಿಕ್ಸೆಲ್‌ಗಳಲ್ಲಿ ಮೂಡಬೇಕು. 3 ಮತ್ತು 8ರ ನಡುವಿನ ವ್ಯತ್ಯಾಸ ಅಷ್ಟರಲ್ಲಿ ಕಷ್ಟದಿಂದ ಉಳಿಯುತ್ತದೆ.

ಆದರೆ ಒಂದು ಎಚ್ಚರಿಕೆ. ಮಾನಿಟರಿನ ಈ ಮೇಲುಗೈ ಸಿಗುವುದು 46 ಡಿಗ್ರಿಯ ಪರದೆಯಲ್ಲಿ 46 ಡಿಗ್ರಿಯ ನೋಟವನ್ನೇ ತೋರಿಸಿದಾಗ. ಹೆಚ್ಚು ಕಾಣಲೆಂದು 90 ಡಿಗ್ರಿಯ ನೋಟವನ್ನು ಅದರೊಳಗೆ ತುರುಕಿದರೆ ಎಲ್ಲವೂ ಕುಗ್ಗುತ್ತದೆ. ರನ್‌ವೇ ಇರುವುದಕ್ಕಿಂತ ದೂರದಲ್ಲಿರುವಂತೆ ತೋರುತ್ತದೆ. ಸ್ಪಷ್ಟವಾದ ಚಿತ್ರವೂ ತಪ್ಪು ಪಾಠ ಕಲಿಸಬಹುದು.

ಅಂಚಿನಲ್ಲಿ ಅಡಗಿರುವ ಮಾಹಿತಿ

ಇನ್ನು ಇಳಿಯುವ ಹಂತಕ್ಕೆ ಬನ್ನಿ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಬರುತ್ತಿದ್ದೀರಿ. 300 ಮೀಟರ್ ಮುಂದೆ, ಚಲನೆಯ ದಿಕ್ಕಿನಿಂದ 5 ಡಿಗ್ರಿ ಪಕ್ಕದಲ್ಲಿರುವ ದೀಪ ನಿಮ್ಮ ನೋಟದಲ್ಲಿ ಸೆಕೆಂಡಿಗೆ ಅರ್ಧ ಡಿಗ್ರಿಯಷ್ಟೇ ಸರಿಯುತ್ತದೆ. ನಿಮ್ಮ ಪಕ್ಕದಲ್ಲೇ 10 ಮೀಟರ್ ದೂರದಲ್ಲಿರುವ ದೀಪವೋ ಸೆಕೆಂಡಿಗೆ ಸುಮಾರು 170 ಡಿಗ್ರಿ ವೇಗದಲ್ಲಿ ಹಾದುಹೋಗುತ್ತದೆ. ನೆಲ ಹತ್ತಿರವಾದಂತೆ ಈ ಓಟ ಹೆಚ್ಚುತ್ತದೆ. ಪೈಲಟ್ ರನ್‌ವೇಯ ಕೊನೆಯತ್ತ ನೋಡುತ್ತಿದ್ದರೂ ಎತ್ತರ ಮತ್ತು ವೇಗದ ಅರಿವು ಕಣ್ಣಂಚಿನಿಂದ ಬರುತ್ತಿರುತ್ತದೆ. ಕಣ್ಣಂಚಿಗೆ ಸೂಕ್ಷ್ಮ ವಿವರ ಬೇಕಿಲ್ಲ, ಚಲನೆ ಬೇಕು. ಎರಡೂ ಕಣ್ಣುಗಳ ಒಟ್ಟು ದೃಷ್ಟಿಕ್ಷೇತ್ರ ಅಡ್ಡಲಾಗಿ ಸುಮಾರು 200 ಡಿಗ್ರಿ. ಒಂದೇ ಮಾನಿಟರು ಅದರಲ್ಲಿ ಕಾಲುಭಾಗವನ್ನೂ ತುಂಬುವುದಿಲ್ಲ.

ಇಳಿಯುವ ಮುನ್ನ ರನ್‌ವೇಗೆ ಸಮಾಂತರವಾಗಿ ಹಾರುವಾಗ ಪೈಲಟ್ ಕತ್ತು ಹೊರಳಿಸಿ ಅದನ್ನು ನೋಡುತ್ತಾನೆ. ಹೆಡ್‌ಸೆಟ್ಟಿನಲ್ಲಿಯೂ ಹೀಗೆಯೇ ಮಾಡಬಹುದು. ಒಂಟಿ ಮಾನಿಟರಿನಲ್ಲಿ ಗುಂಡಿ ಒತ್ತಬೇಕು. ಕತ್ತಿಗೆ ಅಭ್ಯಾಸವಾಗಬೇಕಾದದ್ದು ಬೆರಳಿಗೆ ಆಗುತ್ತದೆ.

ಎರಡು ಕಣ್ಣುಗಳಿಗೆ ಬೇರೆ ಬೇರೆ ಚಿತ್ರ ಒದಗಿಸುವುದರಿಂದ ಆಳದ ಅರಿವೂ ಹೆಡ್‌ಸೆಟ್ಟಿಗಿದೆ. ಅದಕ್ಕೂ ಮಿತಿಯುಂಟು. ಕಣ್ಣುಗಳ ನಡುವಿನ 6.5 ಸೆಂಟಿಮೀಟರ್ ಅಂತರವು 2.4 ಮಿನಿಟಿನ ಕೋನವನ್ನು ರಚಿಸುವುದು ಸುಮಾರು 90 ಮೀಟರ್ ದೂರದಲ್ಲಿ. ಅದರಾಚೆ ಎರಡು ಚಿತ್ರಗಳ ವ್ಯತ್ಯಾಸ ಒಂದು ಪಿಕ್ಸೆಲ್ಲಿಗಿಂತ ಕಡಿಮೆ. ನೆಲದ ಸಮೀಪ ನಿಶ್ಚಲವಾಗಿ ತೇಲಬೇಕಾದ ಹೆಲಿಕಾಪ್ಟರಿಗೆ ಈ 90 ಮೀಟರೇ ಮುಖ್ಯ. 2021ರ ಏಪ್ರಿಲ್‌ನಲ್ಲಿ ಯೂರೋಪಿನ ವಾಯುಯಾನ ಸುರಕ್ಷಾ ಸಂಸ್ಥೆ ಮೊದಲ ಬಾರಿಗೆ ಮಾನ್ಯತೆ ನೀಡಿದ ವರ್ಚುವಲ್ ರಿಯಾಲಿಟಿ ತರಬೇತಿ ಸಾಧನವು ರಾಬಿನ್‌ಸನ್ ಆರ್22 ಎಂಬ ಪುಟ್ಟ ಹೆಲಿಕಾಪ್ಟರಿನದೇ ಆಗಿತ್ತು. ಅದನ್ನು ರೂಪಿಸಿದ್ದು ವಿಆರ್‌ಎಂ ಸ್ವಿಟ್ಜರ್‌ಲೆಂಡ್.

ಕಿವಿಯ ತಕರಾರು

ತಲೆಯನ್ನು ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ತಿರುಗಿಸಿದಿರಿ ಎನ್ನಿ. ಚಿತ್ರ ಬದಲಾಗಲು 20 ಮಿಲಿಸೆಕೆಂಡು ತಡವಾದರೂ ದೃಶ್ಯ 2 ಡಿಗ್ರಿ, ಎಂದರೆ 50 ಪಿಕ್ಸೆಲ್ ಹಿಂದೆ ಬಿದ್ದಿರುತ್ತದೆ. ಇದನ್ನು ತಗ್ಗಿಸಲು ತಲೆಯ ಮುಂದಿನ ಸ್ಥಾನವನ್ನು ಊಹಿಸಿ ಚಿತ್ರ ರಚಿಸುವ ತಂತ್ರಗಳಿವೆ. ಆದರೆ ಇನ್ನೊಂದು ತೊಡಕು ಉಳಿಯುತ್ತದೆ. ವಿಮಾನ ವಾಲಿತೆಂದು ಕಣ್ಣು ಹೇಳುತ್ತದೆ. ನೀವು ಕುರ್ಚಿಯಲ್ಲೇ ಕುಳಿತಿದ್ದೀರೆಂದು ಒಳಗಿವಿಯ ಅರೆವೃತ್ತ ನಾಳಗಳು ಹೇಳುತ್ತವೆ. ಘಾಟಿ ರಸ್ತೆಯ ಬಸ್ಸಿನಲ್ಲಿ ಪುಸ್ತಕ ಓದುವಾಗ ಆಗುವ ಹೊಟ್ಟೆ ತೊಳಸುವಿಕೆಗೂ ಇಂಥದೇ ಜಗಳ ಕಾರಣ, ಸಾಕ್ಷಿಗಳು ಮಾತ್ರ ಅದಲುಬದಲು. ಮಾನಿಟರಿನ ಸುತ್ತ ಕೋಣೆಯ ಗೋಡೆ ಅಚಲವಾಗಿ ಕಾಣುತ್ತಿರುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ಮೇಲಾಗಿ ಹೆಡ್‌ಸೆಟ್ ಧರಿಸಿದವರಿಗೆ ತಮ್ಮ ಕೈಯೂ ನಿಜವಾದ ಸ್ವಿಚ್ಚುಗಳೂ ಕಾಣುವುದಿಲ್ಲ. ಕ್ಯಾಮೆರಾಗಳ ಮೂಲಕ ಅವನ್ನು ದೃಶ್ಯದೊಳಗೆ ತರುವ ಹೆಡ್‌ಸೆಟ್ಟುಗಳು ಈಗಿವೆ.

ಎರಡನ್ನೂ ಪಡೆಯಬಹುದೇ?

110 x 96 ಡಿಗ್ರಿ ಕ್ಷೇತ್ರದಲ್ಲಿ ಡಿಗ್ರಿಗೆ 60 ಪಿಕ್ಸೆಲ್ ಬೇಕೆಂದರೆ ಒಂದು ಕಣ್ಣಿಗೆ 3.8 ಕೋಟಿ ಪಿಕ್ಸೆಲ್, ಎರಡಕ್ಕೂ 7.6 ಕೋಟಿ. ಸೆಕೆಂಡಿಗೆ 90 ಚಿತ್ರಗಳಂತೆ ಕಂಪ್ಯೂಟರ್ ಸುಮಾರು 680 ಕೋಟಿ ಪಿಕ್ಸೆಲ್‌ಗಳನ್ನು ಲೆಕ್ಕ ಹಾಕಬೇಕು. ಇಲ್ಲಿ ದಾರಿ ತೋರುವುದು ನಮ್ಮ ಕಣ್ಣೇ. ಅಕ್ಷಿಪಟಲದ ನಡುವಿನ ಫೊವಿಯ ಎಂಬ ಪುಟ್ಟ ಭಾಗ ಮಾತ್ರ ಸೂಕ್ಷ್ಮವಾಗಿ ನೋಡುತ್ತದೆ. ಅದರ ವ್ಯಾಪ್ತಿ ಕೆಲವೇ ಡಿಗ್ರಿ. ನಡುವೆ ದಟ್ಟವಾಗಿ, ಅಂಚಿನಲ್ಲಿ ವಿರಳವಾಗಿ ಚಿತ್ರ ರಚಿಸಿದರೆ ಸಾಕು. 2019ರಲ್ಲಿ ಫಿನ್ಲೆಂಡಿನ ವಾರ್ಜೊ ಕಂಪನಿ ನಡುಭಾಗದಲ್ಲಿ ಡಿಗ್ರಿಗೆ ಸುಮಾರು 60 ಪಿಕ್ಸೆಲ್ ಇರುವ ಹೆಡ್‌ಸೆಟ್ಟನ್ನು ತಂದದ್ದು ಈ ತತ್ತ್ವದ ಮೇಲೆಯೇ.

ಮಾನಿಟರ್ ಪಕ್ಷದ ಉತ್ತರ ಮೂರು ಪರದೆಗಳನ್ನು ಬಾಗಿಸಿ ಜೋಡಿಸುವುದು. 27 ಇಂಚಿನ ಮೂರು ಸೇರಿದರೆ ಸುಮಾರು 140 ಡಿಗ್ರಿ. ವಿಮಾನಯಾನ ಕಂಪನಿಗಳ ದೊಡ್ಡ ಸಿಮ್ಯುಲೇಟರುಗಳಲ್ಲಿ ವಿಶಾಲವಾದ ನಿಮ್ನ ದರ್ಪಣವಿರುತ್ತದೆ. ಚಿತ್ರ ಮೂಡುವ ಪರದೆ ದರ್ಪಣದ ನಾಭಿಯ ಬಳಿ ಇರುವುದರಿಂದ ಕಿರಣಗಳು ಸಮಾಂತರವಾಗಿ ಬಂದು ದೃಶ್ಯ ಬಹುದೂರದಲ್ಲಿರುವಂತೆ ಕಾಣುತ್ತದೆ.

ಆದ್ದರಿಂದ ನಿಮ್ಮ ಕಾಲೇಜಿಗೋ ಮನೆಗೋ ಇಂಥದೊಂದನ್ನು ಕೊಳ್ಳುವಾಗ ಯಾವುದು ಉತ್ತಮ ಎಂದು ಕೇಳಬೇಡಿ. ಏನು ಕಲಿಯಬೇಕು ಎಂದು ಕೇಳಿ. ಉಪಕರಣಗಳನ್ನು ಓದಲು, ನಿಜವಾದ ಸ್ವಿಚ್ಚುಗಳನ್ನು ಮುಟ್ಟಲು, ದೂರದ ವಿಮಾನವನ್ನು ಹುಡುಕಲು ಮಾನಿಟರ್. ಸುತ್ತ ನೋಡಿ ತಿರುಗಲು, ನೆಲದ ಸಮೀಪ ಎತ್ತರ ಅಂದಾಜಿಸಲು ಹೆಡ್‌ಸೆಟ್.

ಮಾಡಿ ನೋಡಿ

ಬಿಳಿ ಹಾಳೆಯ ಮೇಲೆ ಎರಡು ತೆಳುವಾದ ಕಪ್ಪು ಗೆರೆಗಳನ್ನು 1 ಮಿಲಿಮೀಟರ್ ಅಂತರದಲ್ಲಿ ಎಳೆಯಿರಿ. ಗೋಡೆಗೆ ಅಂಟಿಸಿ ಹಿಂದೆ ಸರಿಯುತ್ತ ಹೋಗಿ. ಸುಮಾರು 3.4 ಮೀಟರಿನಲ್ಲಿ ಆ ಅಂತರ ನಿಖರವಾಗಿ ಒಂದು ಮಿನಿಟು. ನಿಮಗೆ ಗೆರೆಗಳು ಎಲ್ಲಿ ಒಂದಾಗುತ್ತವೆ? ಆ ದೂರ ಅಳೆದು ನಿಮ್ಮ ಪೃಥಕ್ಕರಣ ಸಾಮರ್ಥ್ಯ ಲೆಕ್ಕ ಹಾಕಿ. ಬಳಿಕ ಶಾಲೆಯ ಮಾನಿಟರಿನ ಅಗಲವನ್ನೂ ಕುಳಿತ ದೂರವನ್ನೂ ಅಳೆದು ಡಿಗ್ರಿಗೆ ಎಷ್ಟು ಪಿಕ್ಸೆಲ್ ಎಂದು ನೋಡಿ. ನಿಮ್ಮ ಕಣ್ಣು ಗೆಲ್ಲುವುದೋ, ಪರದೆಯೋ?