ಹತ್ತಿ ಹೊಲದ ‘ಟಾನಿಕ್’: ಒಂದು ಮುಚ್ಚಳದ ಲೆಕ್ಕ

ನಮ್ಮದು ರಾಯಚೂರು ಕಡೆ ನಾಲ್ಕು ಎಕರೆ ಎರೆ ಹೊಲ. ಹತ್ತಿ ಮೊಗ್ಗು ಹಿಡಿಯೋ ಹೊತ್ತಿಗೆ ಅಪ್ಪ ಪ್ರತಿ ವರ್ಷ ಕೀಟನಾಶಕದ ಜೊತೆ ಇನ್ನೊಂದು ಸಣ್ಣ ಬಾಟಲಿ ತರ್ತಾರೆ, ಉದ್ರಿ ಲೆಕ್ಕದಲ್ಲಿ. ಕೇಳಿದ್ರೆ ‘ಟಾನಿಕ್’ ಅಂತಾರೆ. ಎಷ್ಟು ಹಾಕಬೇಕು? “ಪಂಪಿಗೆ ಒಂದು ಮುಚ್ಚಳ ಅಂದಾನ ಅಂಗಡಿಯಾವ.”

ಹೋದ ಸಲ ಲೇಬಲ್ ಓದಿದೆ. ಒಳಗಿದ್ದದ್ದು ಟಾನಿಕ್ ಅಲ್ಲ, ಗೊಬ್ಬರವೂ ಅಲ್ಲ. ಅದು ಎನ್‌ಎಎ, ಅಂದರೆ ನ್ಯಾಫ್ತಲೀನ್ ಅಸಿಟಿಕ್ ಆಸಿಡ್, ಶೇ 4.5. ಗಿಡದೊಳಗೇ ಇರುವ ಆಕ್ಸಿನ್ ಎಂಬ ಹಾರ್ಮೋನನ್ನು ಹೋಲುವ ಕೃತಕ ರಾಸಾಯನಿಕ. ಹತ್ತಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ 10ರಿಂದ 20 ಪಿಪಿಎಂ. 10 ಪಿಪಿಎಂ ಅಂದರೆ ಲೀಟರ್ ನೀರಿಗೆ 10 ಮಿಲಿಗ್ರಾಂ. 15 ಲೀಟರಿನ ಪಂಪಿಗೆ ಲೆಕ್ಕ ಹಾಕಿದರೆ ಬೇಕಾದ ದ್ರಾವಣ ಬರೀ 3.3 ಮಿ.ಲೀ. ಮುಚ್ಚಳವನ್ನು ಸಿರಿಂಜಿನಿಂದ ಅಳೆದು ನೋಡಿದೆ: 10 ಮಿ.ಲೀ. ಅಂದ್ರೆ ಮೂರು ಪಟ್ಟು!

ಗೊಬ್ಬರ ಸ್ವಲ್ಪ ಹೆಚ್ಚಾದರೆ ದುಡ್ಡು ದಂಡ ಅಂತ ಸುಮ್ಮನಾಗಬಹುದು. ಹಾರ್ಮೋನು ಹಾಗಲ್ಲ. ಹೂವು, ಕಾಯಿ ಉದುರುವುದು ತೊಟ್ಟಿನ ಬುಡದಲ್ಲಿ ಒಂದು ತೆಳು ಪದರ ಸಡಿಲವಾದಾಗ. ಆಕ್ಸಿನ್ ಆ ಸಡಿಲಿಕೆಯನ್ನು ತಡೆಯುತ್ತದೆ, ಎಥಿಲೀನ್ ಅನಿಲ ಚುರುಕುಗೊಳಿಸುತ್ತದೆ. ಆದರೆ ಆಕ್ಸಿನ್ ಅತಿಯಾದರೆ ಗಿಡ ತಾನೇ ಎಥಿಲೀನ್ ತಯಾರಿಸಲು ಶುರುಮಾಡುತ್ತದೆ. ಸೇಬಿನ ತೋಟಗಳಲ್ಲಿ ಹೆಚ್ಚಾದ ಎಳೆಗಾಯಿ ಉದುರಿಸಲು ಬಳಸುವುದೂ ಇದೇ ಎನ್‌ಎಎಯನ್ನು. ಕಾಯಿ ನಿಲ್ಲಿಸುವ ಔಷಧಿಯೇ ಪ್ರಮಾಣ, ಸಮಯ ತಪ್ಪಿದರೆ ಕಾಯಿ ಕೆಡವಬಹುದು.

ಇನ್ನೊಂದು ಮಾತು. ಹತ್ತಿ ಗಿಡ ತಾನು ಸಾಕಬಲ್ಲದ್ದಕ್ಕಿಂತ ಹೆಚ್ಚು ಮೊಗ್ಗು ಬಿಡುತ್ತದೆ, ಉಳಿದದ್ದನ್ನು ಕೆಡವುತ್ತದೆ. ವಾರಗಟ್ಟಲೆ ಮೋಡ ಮುಸುಕಿದಾಗ, ಹೊಲದಲ್ಲಿ ನೀರು ನಿಂತಾಗ, ಬರ ಬಿದ್ದಾಗ, ಹುಳು ಕೊರೆದಾಗ ಉದುರುವುದು ಇನ್ನೂ ಹೆಚ್ಚು. ಬಾಟಲಿ ಇದ್ಯಾವುದಕ್ಕೂ ಆಹಾರ ಕೊಡಲ್ಲ, ನೀರು ಬಸಿಯಲ್ಲ, ಹುಳ ಸಾಯಿಸಲ್ಲ.

ಎರಡನೇ ಬಗೆಯ ಬಾಟಲಿ ಮೆಪಿಕ್ವಾಟ್ ಕ್ಲೋರೈಡ್. ಇದರ ಕೆಲಸ ಬೇರೆ. ಗಿಡವನ್ನು ಉದ್ದ ಎಳೆಯುವ ಜಿಬ್ಬರೆಲಿನ್ ತಯಾರಾಗುವುದನ್ನೇ ಇದು ತಡೆಯುತ್ತದೆ. ಗೆಣ್ಣಿಂದ ಗೆಣ್ಣಿಗೆ ಅಂತರ ಕಡಿಮೆಯಾಗಿ ಗಿಡ ಗಿಡ್ಡವಾಗುತ್ತದೆ. ನೀರು, ಯೂರಿಯಾ ಹೆಚ್ಚಾಗಿ ಗಿಡ ಎದೆಮಟ್ಟ ಬೆಳೆದು ಕಾಯಿಗಿಂತ ಎಲೆಯೇ ಜಾಸ್ತಿಯಾದ ಹೊಲದಲ್ಲಿ ಇದಕ್ಕೆ ಅರ್ಥ ಇದೆ. ಗಿಡ ಗಿಡ್ಡವಾಗುವುದು ಖಚಿತ, ಇಳುವರಿ ಏರುವುದು ಖಚಿತವಲ್ಲ. ಮಳೆ ಕೈಕೊಟ್ಟು ಮೊದಲೇ ಕುಗ್ಗಿದ ಗಿಡಕ್ಕೆ ಇದನ್ನು ಹೊಡೆದರೆ, ಉಸಿರುಗಟ್ಟಿದವನ ಬಾಯಿ ಮುಚ್ಚಿದಂತೆ. ಬಾವಿ-ಕಾಲುವೆ ಇದ್ದವನಿಗೂ ಮಳೆ ನಂಬಿದವನಿಗೂ ಅಂಗಡಿಯಲ್ಲಿ ಸಿಗುವ ಸಲಹೆ ಮಾತ್ರ ಒಂದೇ!

ಇದು ಯಾಕೆ ಈಗ ಮುಖ್ಯ ಅಂದ್ರೆ, ಕೇಂದ್ರ ಸರ್ಕಾರ 2025-26ರ ಬಜೆಟ್‌ನಲ್ಲಿ ಐದು ವರ್ಷದ ಹತ್ತಿ ಉತ್ಪಾದಕತಾ ಮಿಷನ್ ಘೋಷಿಸಿದೆ. ಅದಕ್ಕೂ ಮೊದಲಿನಿಂದ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಒತ್ತೊತ್ತಾಗಿ ಬಿತ್ತುವ ಪದ್ಧತಿಯನ್ನು ಹೇಳುತ್ತಿದೆ. 90×60 ಸೆಂ.ಮೀ. ಅಂತರದಲ್ಲಿ ಎಕರೆಗೆ ಸುಮಾರು 7,400 ಗಿಡ, 90×15ರಲ್ಲಿ ಸುಮಾರು 29,600. ಅಷ್ಟು ಗಿಡ ಒಂದರ ಮೇಲೊಂದು ಬೀಳದಂತೆ ತಡೆಯಲು ಮೆಪಿಕ್ವಾಟ್ ಬೇಕೇ ಬೇಕಾಗುತ್ತದೆ. ಹತ್ತಿ ಬಿಡಿಸಲು ಯಂತ್ರ ಬಂದರೆ ಎಲೆ ಉದುರಿಸುವ, ಕಾಯಿ ಒಟ್ಟಿಗೆ ಒಡೆಯುವಂತೆ ಮಾಡುವ ರಾಸಾಯನಿಕಗಳೂ ಬರುತ್ತವೆ. ಈ ಪದ್ಧತಿ ತಪ್ಪು ಅಂತ ನಾನು ಹೇಳ್ತಿಲ್ಲ. ಹಗುರ ಮಣ್ಣಿನ ಹೊಲಕ್ಕೆ ಒಳ್ಳೆಯದೇ ಇರಬಹುದು. ಆದರೆ ಮಿಲಿಲೀಟರ್ ಲೆಕ್ಕದ ಬೇಸಾಯವನ್ನು ಮುಚ್ಚಳದ ಲೆಕ್ಕದಲ್ಲಿ ಮಾಡಿಸಲು ಹೊರಟರೆ ನಷ್ಟ ಯಾರ ತಲೆ ಮೇಲೆ? ಹತ್ತಿ ಬಿಡಿಸಿ ಕೂಲಿ ಪಡೆಯುವ ಹೆಣ್ಣುಮಕ್ಕಳ ಕೆಲಸದ ಮಾತಂತೂ ಯಾರೂ ಎತ್ತಲ್ಲ.

ಕಾನೂನು ಇಲ್ಲ ಅಂತಲ್ಲ. ಎನ್‌ಎಎ, ಮೆಪಿಕ್ವಾಟ್‌ನಂಥವು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕು. ಪಾಚಿಯ ಸಾರ, ಹ್ಯೂಮಿಕ್ ಆಮ್ಲದಂಥ ಜೈವಿಕ ಪ್ರಚೋದಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದರು. ಅದಕ್ಕೂ ಮುಂಚೆ? ಸುಮಾರು 30,000 ಉತ್ಪನ್ನಗಳು ಯಾವ ತಪಾಸಣೆಯೂ ಇಲ್ಲದೆ ಮಾರಾಟವಾಗುತ್ತಿದ್ದವು, ಬಿಗಿ ಮಾಡಿದ ಮೇಲೆ ಉಳಿದದ್ದು 650ರಷ್ಟು ಅಂತ 2025ರ ಜುಲೈನಲ್ಲಿ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರೇ ಹೇಳಿದರು. ಉಳಿದ 29 ಸಾವಿರಕ್ಕೆ ರೈತರು ಕೊಟ್ಟ ದುಡ್ಡಿನ ಲೆಕ್ಕ ಯಾರೂ ಕೇಳಲಿಲ್ಲ.

ಪಕ್ಕದ ಹೊಲದ ಕಥೆಯೂ ಇದೆ. ಜೋಳ, ಗೋವಿನಜೋಳದ ಕಳೆಗೆ ಹೊಡೆಯುವ 2,4-ಡಿ ಕೂಡ ಕೃತಕ ಆಕ್ಸಿನ್ನೇ. ಗಾಳಿಯಲ್ಲಿ ತೇಲಿ ಬಂದ ಒಂದಿಷ್ಟೇ ಹನಿ ಸಾಕು, ಹತ್ತಿಯ ಎಲೆ ಬೆಂಡೆ ಎಲೆ ಥರ ಸೀಳಿ, ಸೊಟ್ಟಗಾಗುತ್ತದೆ. ತೊಳೆಯದ ಪಂಪಿನಿಂದಲೂ ಹೀಗಾಗುತ್ತದೆ. ನಮ್ಮೂರಲ್ಲಿ ಇದನ್ನು ರೋಗ ಅಂದುಕೊಂಡು ಮತ್ತೊಂದು ಎಣ್ಣಿ ಹೊಡೆದವರಿದ್ದಾರೆ.

ಈ ಸಲ ಅಪ್ಪನಿಗೆ ಸಿರಿಂಜ್ ಕೊಟ್ಟಿದ್ದೇನೆ. “ಡಾಕ್ಟರ್ ಆದಂಗಾತು” ಅಂತ ನಗ್ತಾರೆ, ಆದರೆ ಅಳೆದೇ ಹಾಕ್ತಾರೆ. ಅಂಗಡಿಗೆ ನಾನೂ ಹೋಗಿದ್ದೆ, ರಾಸಾಯನಿಕದ ಹೆಸರು ಬರೆದು ರಸೀದಿ ಕೊಡ್ರಿ ಅಂದೆ. ಆತ ನನ್ನನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿ ಬರೆದುಕೊಟ್ಟ: ‘ಟಾನಿಕ್ – 1’.