ಕುಡಿತ ಬಿಡೋಕೆ ಹತ್ತಿರದ ಗುಂಪು ಹುಡುಕೋದು ಹೇಗೆ?

ಅಮೆರಿಕದಲ್ಲಿರೋ ನಮ್ಮವರಿಗೆ ಕುಡಿತ ಬಿಡೋಕಿಂತ ದೊಡ್ಡ ಭಯ ಒಂದಿದೆ: ಕನ್ನಡ ಕೂಟದವರಿಗೆ ಗೊತ್ತಾದರೆ?

1935ರಲ್ಲಿ ಒಹಾಯೋದ ಆಕ್ರನ್‌ನಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹೆಸರಲ್ಲೇ ‘ಅನಾಮಿಕರು’ ಅಂತಿದೆ. ಶುಲ್ಕ ಇಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ‘ಮೀಟಿಂಗ್ ಗೈಡ್’ ಆ್ಯಪ್‌ನಲ್ಲಿ ಹುಡುಕಿದರೆ ಹತ್ತಿರದ ಸಭೆಗಳು ಸಿಗುತ್ತವೆ. ಮೊದಲ ಸಲ ‘ಓಪನ್’ ಅಂತ ಬರೆದಿರೋ ಸಭೆಗೆ ಹೋಗಿ. ಹೆಂಡತಿನೋ ಗೆಳೆಯನೋ ಜೊತೆಗೆ ಬರಬಹುದು. ಪರಿಚಯದವರು ಸಿಗ್ತಾರೆ ಅನ್ನೋ ಅಳುಕಿದ್ದರೆ ಪಕ್ಕದ ಊರಿನ ಸಭೆ ಆರಿಸಿ. ದೇವರ ಮಾತು ಒಗ್ಗದವರಿಗೆ ಸ್ಮಾರ್ಟ್ ರಿಕವರಿ ಇದೆ. ಒಂದು ಗುಂಪು ಹಿಡಿಸಲಿಲ್ಲ ಅಂದ್ರೆ ಇನ್ನೊಂದು ನೋಡಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ದಿನಾ ಜಾಸ್ತಿ ಕುಡಿಯೋರು ‘ನಾಳೆ ಮೀಟಿಂಗು, ಇವತ್ತೇ ನಿಲ್ಲಿಸ್ತೀನಿ’ ಅಂತ ಒಮ್ಮೆಲೇ ಬಿಡಬೇಡಿ. ಮದ್ಯ ಮಿದುಳನ್ನ ಮಂಕು ಮಾಡುತ್ತೆ. ವರ್ಷಗಟ್ಟಲೆ ಅದಕ್ಕೆ ಎದುರಾಗಿ ಕೆಲಸ ಮಾಡಿ ಒಗ್ಗಿಹೋದ ಮಿದುಳು, ಮದ್ಯ ನಿಂತ ಕೂಡಲೇ ಕೆರಳುತ್ತೆ. ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಹಾಗಾಗಿ ಮೊದಲು ಡಾಕ್ಟರು, ಆಮೇಲೆ ಸಭೆ. ಯಾರನ್ನ ಕೇಳೋದು ತಿಳಿಯದಿದ್ದರೆ ಸರ್ಕಾರದ ಸಹಾಯವಾಣಿ 1-800-662-4357. ಉಚಿತ, ಗುಟ್ಟಾಗಿರುತ್ತೆ, ದಿನದ 24 ಗಂಟೆ. ಫಿಟ್ಸ್ ಬಂದರೆ, ಇಲ್ಲದ್ದು ಕಾಣೋಕೆ ಶುರುವಾದರೆ ನೇರ 911.